ತಡವ್ವನ ಬುಗ್ಗೆ

ಹಾಲುಗುಡ್ಡದ ಕಣಿವೆ ಹತ್ತಿ ಬಂದವರಿಗೆ ಮೊದಲು ಕಾಣುವುದು ಹಬೆ. ಕರಿಬಂಡೆಯ ಸೀಳಿನಿಂದ ಕುದಿನೀರು ಉಕ್ಕಿ, ಕೆಳಗಿನ ಹೊಂಡದಲ್ಲಿ ತುಸು ಆರಿ, ಮೈಗೆ ಹಿತವಾಗಿ ನಿಲ್ಲುತ್ತದೆ. ನೆಲದೊಳಗೆ ಗಂಧಕವಿದೆ, ಅದಕ್ಕೇ ಈ ಬಿಸಿ ಎಂದು ಪೇಟೆಯಿಂದ ಬಂದವರು ನಮಗೆ ತಿಳಿಹೇಳುತ್ತಾರೆ. ಗಂಧಕವೂ ಇರಲಿ, ಬೇಡವೆಂದವರಾರು? ಊರಿನವರು ಮಾತ್ರ ಇದನ್ನು ತಡವ್ವನ ಬುಗ್ಗೆ ಎನ್ನುತ್ತಾರೆ. ತಡಮಾಡಿದ ಅವ್ವನ ಬುಗ್ಗೆ ಎಂದು ಅದರ ಅರ್ಥ.

ಹಿಂದೆ ಒಮ್ಮೆ, ಈ ಬಂಡೆ ಇನ್ನೂ ಒಣಗಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಮಾಳವ್ವ ಎಂಬ ವಿಧವೆ ಇದ್ದಳು. ಅವಳಿಗೆ ಒಬ್ಬಳೇ ಮಗಳು, ನೀಲಿ. ನೀಲಿ ಗುಡ್ಡದಾಚೆಯ ಎಮ್ಮೆ ಕಾಯುವವನನ್ನು ಮೆಚ್ಚಿ, ಹಟಹಿಡಿದು ಮದುವೆಯಾದಾಗ ಮಾಳವ್ವ, "ನಾ ಕರೀದೆ ನನ್ನ ಹೊಸ್ತಿಲು ತುಳೀಬ್ಯಾಡ" ಎಂದುಬಿಟ್ಟಳು. ಸಿಟ್ಟಿನ ಭರದಲ್ಲಿ ಬಾಯಿಗೆ ಬಂದ ಮಾತು. ಆದರೆ ತಾಯಿಯ ಹಟವೇ ಮಗಳಿಗೂ ಬಂದಿತ್ತು. ಚೊಚ್ಚಲ ಬಸುರಿಯನ್ನು ತವರಿನವರೇ ಹೋಗಿ ಕರೆತರಬೇಕು, ತಾಯಿಯೇ ಹಂಡೆ ಕಾಯಿಸಿ ಬಾಣಂತಿಗೆ ಎರೆಯಬೇಕು. ಅದು ಇಲ್ಲಿನ ರೂಢಿ. ನೀಲಿ ಬಸುರಾದ ಸುದ್ದಿ ಬಂದಾಗ, ಅವಳೇ ಹೇಳಿಕಳಿಸಲಿ ಎಂದು ತಾಯಿ ಕೂತಳು, ಅವ್ವನೇ ಬಂದು ಕರೆಯಲಿ ಎಂದು ಮಗಳು ಕೂತಳು. ಅಯ್ಯೋ, ನಡುವೆ ಇದ್ದದ್ದು ಒಂದೇ ಗುಡ್ಡ! ದಿನ ತುಂಬುತ್ತ ಬಂದಂತೆ ಮಾಳವ್ವ ಮತ್ತೆ ಮತ್ತೆ ಅಂಗಳಕ್ಕೆ ಬಂದು ಗುಡ್ಡದ ದಾರಿ ನೋಡತೊಡಗಿದಳು. ಒಂದು ಮುಂಜಾನೆ ಸಿಟ್ಟನ್ನೆಲ್ಲ ಬದಿಗಿಟ್ಟು, ಹಂಡೆ ತುಂಬಿ, ಒಲೆಗೆ ದಪ್ಪ ಕೊರಡು ಒಡ್ಡಿ, ಮಗಳನ್ನು ಕರೆತರಲು ಗುಡ್ಡ ಹತ್ತಿದಳು.

ನೀಲಿಯೂ ಕಾದು ಸಾಕಾಗಿ, ಕರೆಯದೆಯೇ ಗಂಡನೊಡನೆ ಹೊರಟುಬಿಟ್ಟಿದ್ದಳು. ಈ ಬಂಡೆಯ ಬಳಿ ಬರುವಷ್ಟರಲ್ಲಿ ನೋವು ಹಿಡಿದು, ಹೆರಿಗೆಯಾಗಿ, ನೆತ್ತರು ನಿಲ್ಲದೆ ಬಿದ್ದಿದ್ದಳು. ಗಂಡ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ದಿಕ್ಕು ತೋಚದೆ ಕೂತಿದ್ದ.

ತಾಯಿಯನ್ನು ಕಂಡದ್ದೇ ನೀಲಿ, "ನೀ ಕರೀಲಿಲ್ಲ, ಆದ್ರೂ ಬಂದೆ ಅವ್ವಾ. ಭಾಳ ಚಳಿ. ಬಿಸಿನೀರು ಎರಿ" ಎಂದಳು.

"ಎರೀತೀನಿ ನನ್ನವ್ವಾ, ಈಗ ಬಂದೆ" ಎಂದಳು ಮಾಳವ್ವ.

ಎತ್ತಿಕೊಂಡು ಹೋಗೋಣವೆಂದರೆ, ಅಲುಗಿಸಿದಷ್ಟೂ ನೆತ್ತರು ಹರಿಯುತ್ತಿತ್ತು; ಮಂಜಿಗೆ ತೊಯ್ದ ಕಟ್ಟಿಗೆ ಅಲ್ಲಿ ಹೊತ್ತಿಕೊಳ್ಳಲಿಲ್ಲ. ಮಾಳವ್ವ ಮನೆಗೆ ಓಡಿ, ಕುದಿಯುವ ಹಂಡೆಯಿಂದ ಕೊಡ ತುಂಬಿಕೊಂಡು ಹತ್ತಿದಳು. ಬಂಡೆ ಮುಟ್ಟುವಾಗ ನೀರು ತಣ್ಣಗಾಗಿತ್ತು. ಅದನ್ನು ಚೆಲ್ಲಿ ಮತ್ತೆ ಇಳಿದಳು. ಕೊಡವನ್ನು ಸೆರಗಿನಲ್ಲಿ ಸುತ್ತಿ, ಎದೆಗವಚಿಕೊಂಡು, ಬಿದ್ದು ಎದ್ದು ಹತ್ತಿದಳು. ಈ ಸಲ ನೀರು ಇನ್ನೂ ಬೆಚ್ಚಗಿತ್ತು. ನೀಲಿಯ ಉಸಿರು ನಿಂತುಹೋಗಿತ್ತು.

ಮಾಳವ್ವ ಕೊಡವನ್ನು ಬಂಡೆಗೆ ಅಪ್ಪಳಿಸಿ, ಎದೆ ಬಡಿದುಕೊಂಡು ಅತ್ತಳು. ಕೊಡ ಬಿದ್ದ ಕಡೆ ಬಂಡೆ ಬಿರಿದು ಕುದಿನೀರು ಉಕ್ಕಿತು ಎನ್ನುತ್ತಾರೆ. ಉಕ್ಕಿ ಏನು ಪ್ರಯೋಜನ! ಆದರೂ ಮಾಳವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೆತ್ತಿಯಿಂದ ಪಾದದವರೆಗೆ, ಬಾಣಂತಿಗೆ ಎರೆಯುವ ಹಾಗೆಯೇ ಎರೆದಳು. ಒಂದೊಂದು ಬೊಗಸೆಗೂ "ಬಿಸಿ ಸಾಕೇನೇ ನೀಲಿ?" ಎಂದು ಕೇಳಿದಳು. ಕೂಸು ಬದುಕಿತು; ಮಾಳವ್ವನೇ ಅದನ್ನು ಸಾಕಿದಳು. ಆಮೇಲೆ ಯಾರು ಹೆಸರು ಕೇಳಿದರೂ, "ತಡಮಾಡಿದವಳು" ಎಂದಷ್ಟೇ ಹೇಳುತ್ತಿದ್ದಳಂತೆ.

ಈಗಲೂ ಸುತ್ತಲಿನ ತಾಯಂದಿರು ಬಾಣಂತಿ ಮಗಳನ್ನು ಇಲ್ಲಿಗೆ ಕರೆತಂದು ಎರೆಯುವುದನ್ನು ನೋಡಬಹುದು. ಮೊದಲ ಚೊಂಬನ್ನು ಅವರು ಮಗಳಿಗೆ ಹಾಕುವುದಿಲ್ಲ. ಬಂಡೆಯ ಮೇಲೆ ಸುರಿದು, "ಬಿಸಿ ಸಾಕೇನೇ ನೀಲಿ?" ಎಂದು ಕೇಳಿ, ಉತ್ತರ ಬರಬಹುದೇನೋ ಎಂಬಂತೆ ತುಸು ಹೊತ್ತು ನಿಲ್ಲುತ್ತಾರೆ.