ಡಾಕ್ಟರವ್ವ ಹೊಲಿದ ಕೌದಿ

ಡಾಕ್ಟರ್ ಇಂದುಮತಿಯವರಿಗೆ ಆಸ್ಪತ್ರೆ ಬಿಟ್ಟರೆ ಒಂದೇ ಹುಚ್ಚು, ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ದಪ್ಪ ಹೊದಿಕೆ ಮಾಡುವುದನ್ನು ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕ ಕೂತು ಕಲಿತಿದ್ದರು.

ಪ್ರತಿ ಭಾನುವಾರ ಅವರು ಹತ್ತಿರದ ಹಳ್ಳಿಯಲ್ಲಿ ಪುಕ್ಕಟೆ ಚರ್ಮರೋಗ ತಪಾಸಣೆ ಮಾಡುತ್ತಿದ್ದರು. ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಮೇಜು, ಬ್ಯಾನರು, ಮೈಕು. ಕೆಮ್ಮು ನೆಗಡಿಯವರು ಬಂದರು, ಹಲ್ಲುನೋವಿನವರೂ ಬಂದರು. ಮೈಮೇಲೆ ಮಚ್ಚೆ ಇದ್ದವರು ಮಾತ್ರ ಒಬ್ಬರೂ ಬರಲಿಲ್ಲ. ಆ ಸೀಮೆಯಲ್ಲಿ ಕುಷ್ಠ ಇನ್ನೂ ಉಳಿದಿದೆ ಎಂದು ಅವರಿಗೆ ಗೊತ್ತಿತ್ತು. ಬೇಗ ಹಿಡಿದರೆ ಗುಳಿಗೆಯಿಂದಲೇ ಹೋಗುವ ರೋಗ, ಮುಚ್ಚಿಟ್ಟರೆ ಬೆರಳು ಮುರುಟಿಸುವ ರೋಗ.

ಒಂದು ಭಾನುವಾರ ಖಾಲಿ ಕುರ್ಚಿ ನೋಡಿ ಬೇಸತ್ತು ಎದ್ದರು. ಎದುರಿನ ಪಡಸಾಲೆಯಲ್ಲಿ ಹೆಂಗಸರು ಕೌದಿ ಹೊಲಿಯುತ್ತಿದ್ದರು. ಹೋಗಿ ಕೂತೇಬಿಟ್ಟರು.

"ಇಂಜೆಕ್ಷನ್ ಮಾಡೋ ಕೈಲೆ ಚಿಂದಿ ಹೊಲಿತೀರೇನ್ರಿ ಮೇಡಂ?" ಎಂದ ಕಾಂಪೌಂಡರ್ ಬಸೆಟ್ಟೆಪ್ಪ.

"ಅದೂ ಸೂಜಿ, ಇದೂ ಸೂಜಿ. ನೀ ಬ್ಯಾನರ್ ಬಿಚ್ಚು."

ಹಿರಿಯಳಾದ ಅಂಬವ್ವಜ್ಜಿ ಡಾಕ್ಟರರ ಹೊಲಿಗೆಯನ್ನು ಎತ್ತಿ ನೋಡಿದಳು. "ಓದಿದಾಕಿ ಆದ್ರೂ ಹೊಲಿಗಿ ಸಣ್ಣ ಹಾಕ್ತಿಯವ್ವ!" ಎಲ್ಲರೂ ನಕ್ಕರು.

ಆಮೇಲಿನ ಭಾನುವಾರಗಳಲ್ಲೂ ಡಾಕ್ಟರರು ಅಲ್ಲೇ ಕೂತರು. ಪಕ್ಕದಲ್ಲಿ ಸತ್ಯವ್ವ, ಕೌದಿಯ ಮೂಲೆ ಹೊಲಿಯುವುದರಲ್ಲಿ ಹೆಸರಾದ ನೆರೆಮನೆಯ ಸೊಸೆ. ಒಂದು ದಿನ ಬಿಳಿ ಬಟ್ಟೆಯ ಮೇಲೆ ರಕ್ತದ ಹನಿ ಕಂಡಿತು. ಸೂಜಿ ಸತ್ಯವ್ವನ ಬೆರಳಿಗೆ ನೆಟ್ಟಿತ್ತು. ಅವಳು ಮಾತಾಡುತ್ತಲೇ ಇದ್ದಳು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಚುಚ್ಚಿದರೂ ನೋಯದ ಬೆರಳು ಕುಷ್ಠದ ಗುರುತೆಂದು ಡಾಕ್ಟರರಿಗೆ ಗೊತ್ತಿತ್ತು. 'ತೋಳು ತೋರಿಸು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಗಸಿಯ ಮುಂದಿನ ತಮ್ಮ ಮೇಜು ನೆನಪಾಯಿತು. ಊರೆಲ್ಲ ನೋಡುವಲ್ಲಿ ತೋಳು ಏರಿಸಿದ ಸೊಸೆಯನ್ನು ಸಂಜೆಗೆ ಯಾವ ಅತ್ತೆ ಒಳಗೆ ಕರೆದಾಳು? ಇಷ್ಟು ಸರಳ ಸಂಗತಿ ಅದುವರೆಗೆ ಹೊಳೆದಿರಲಿಲ್ಲ. ಅವರು ಆ ಹನಿಯ ಮೇಲೊಂದು ಕೆಂಪು ತುಂಡು ಇಟ್ಟು ಹೊಲಿದುಬಿಟ್ಟರು.

"ಸತ್ಯವ್ವಾ, ನನಗ ಮೂಲಿ ಹೊಲಿಯೂದು ಬರಂಗಿಲ್ಲ. ನಾಳೆ ಮನಿಗೆ ಬಂದು ಕಲಿಸ್ತೀಯೇನು?"

ಸತ್ಯವ್ವ ಬಂದಳು. ಬಾಗಿಲು ಮುಚ್ಚಿ ಡಾಕ್ಟರರು ಮೆಲ್ಲಗೆ ಕೇಳಿದಾಗ ತೋಳಿನ ಮಚ್ಚೆ ತೋರಿಸಿ ಅತ್ತಳು. "ಮನಿ ಬಿಡಸ್ತಾರ್ರೀ ನನ್ನ."

"ಗುಳಿಗಿ ತಗೊಂಡ್ರ ಯಾರಿಗೂ ಹತ್ತಂಗಿಲ್ಲ, ಕೈನೂ ಉಳೀತದ. ನೀ ಮೂಲಿ ಕಲಿಸಾಕ ಬರ್ತಾ ಇರು."

ತಿಂಗಳುಗಳು ಕಳೆದವು. ಪಡಸಾಲೆಯ ಕೌದಿ ಮುಗಿಯಲು ಬಂತು. ಕೊನೆಯ ಮೂಲೆ ಮುಚ್ಚುವಾಗ ಒಳಗೊಂದು ಹೋಳಿಗೆಯ ಚೂರು ಇಡುವುದು ಆ ಊರಿನ ಪದ್ಧತಿ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವಂತೆ. ಚೂರು ಇಟ್ಟು ಸತ್ಯವ್ವ ಸೂಜಿ ಹಾಕಿದಳು.

"ಯವ್ವಾ! ಚುಚ್ಚಿತು!" ಎಂದು ಚೀರಿ, ಗೊಳ್ಳೆಂದು ನಕ್ಕಳು.

"ಚುಚ್ಚಿಸ್ಕೊಂಡು ನಗ್ತಾಳಲ್ಲ, ಹುಚ್ಚಿ!" ಎಂದಳು ಅಂಬವ್ವಜ್ಜಿ.

ಸತ್ಯವ್ವ ತಾನೇ ತೋಳು ಏರಿಸಿ, ಮಾಸಿದ ಮಚ್ಚೆ ತೋರಿಸಿ, ಎಲ್ಲ ಹೇಳಿದಳು. ಅಂಬವ್ವಜ್ಜಿ ಎದ್ದು ಬಂದು ಅವಳ ಬೆರಳನ್ನು ತನ್ನ ಸೆರಗಿನಿಂದ ಒರೆಸಿದಳು.

ಮರುದಿನ ಡಾಕ್ಟರರ ಮನೆ ಬಾಗಿಲಲ್ಲಿ ಅಂಬವ್ವಜ್ಜಿ ನಿಂತಿದ್ದಳು. ಹಿಂದೆ ತಲೆ ತಗ್ಗಿಸಿದ ಅವಳ ಸೊಸೆ.

"ನಮ್ಮ ಸೊಸಿನೂ ನಿನಗ ಮೂಲಿ ಕಲಿಸ್ತಾಳಂತ, ಯವ್ವಾ."

ನೀತಿ: ಎದುರಿಗೆ ಮೇಜು ಹಾಕಿ ಕರೆದರೆ ಬಾರದ ನೋವು, ಪಕ್ಕದಲ್ಲಿ ಕೂತವರ ಕಣ್ಣಿಗೆ ಬೀಳುತ್ತದೆ. ಸೇವೆ ಮಾಡುವವರು ರೋಗ ನೋಡುವ ಮೊದಲು ರೋಗಿಯ ಮಾನ ಕಾಯಬೇಕು.