ಹಿಂದಿನಿಂದ ಬರುತ್ತಿದ್ದ ಹ್ಞೂಂ

ಗಣಿ ಮುಚ್ಚಿದ ಊರೊಂದಿತ್ತು. ಗಣಿಯ ಹಿಂದೆಯೇ ಆಸ್ಪತ್ರೆ ಮುಚ್ಚಿತು, ಟಾಕೀಸು ಮುಚ್ಚಿತು. ಮುಚ್ಚದೆ ಉಳಿದದ್ದು ಗಾಲ್ಫ್ ಮೈದಾನ ಒಂದೇ. ಮುಚ್ಚೋಣವೆಂದರೆ ಅದಕ್ಕೆ ಬಾಗಿಲಾದರೂ ಎಲ್ಲಿತ್ತು?

ಆ ಮೈದಾನದಲ್ಲಿ ಚೌರಪ್ಪ ಅಂತ ಒಬ್ಬ ಮುದುಕ. ನಲವತ್ತೈದು ವರ್ಷ ಬೇರೆಯವರ ಗಾಲ್ಫ್ ಕೋಲಿನ ಚೀಲ ಹೊತ್ತವನು. ಬೆನ್ನು ಬಗ್ಗಿದ ಮೇಲೆ ಮರಳು ಸವರುವ ಕೆಲಸಕ್ಕೆ ನಿಂತಿದ್ದ.

ಮರಳು ಯಾಕೆಂದರೆ, ಆ ಒಣ ಊರಲ್ಲಿ ಚೆಂಡು ಬೀಳಿಸುವ ಕುಳಿಯ ಸುತ್ತ ಹಸಿರು ಹುಲ್ಲು ಬೆಳೆಸುವಷ್ಟು ನೀರಿಲ್ಲ. ಎಣ್ಣೆ ಕಲಸಿದ ಮರಳು ಹಾಸಿರುತ್ತಾರೆ. ಅದರ ಮೇಲೆ ನಡೆದವರ ಹೆಜ್ಜೆ ಅಚ್ಚೊತ್ತಿದ ಹಾಗೆ ಬೀಳುತ್ತದೆ. ಉದ್ದ ಹಿಡಿಯ ಹಲಗೆ ಎಳೆದು ಅದನ್ನೆಲ್ಲ ಅಳಿಸಬೇಕು. ಚೆಂಡು ಹೊಡೆಯುವ ಮುನ್ನ ಚೆಂಡಿನಿಂದ ಕುಳಿಯವರೆಗೆ ಒಂದು ದಾರಿ ಸವರಿಕೊಡಬೇಕು. ಅದು ಅಲ್ಲಿನ ಪದ್ಧತಿ.

ತಾತ ತನ್ನನ್ನು ಗುರು ಅಂತ ಕರೆದುಕೊಂಡವನಲ್ಲ. ಆದರೂ ಆಟ ಕೆಟ್ಟವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೆಲವರಿಗೆ ಮಾತಾಡುತ್ತಿದ್ದ, ಕೆಲವರಿಗೆ ಬೆನ್ನು ತೋರಿಸುತ್ತಿದ್ದ.

ಒಂದು ಸೋಮವಾರ ಸಂಜೆ ಸುಗುಣ ಬಂದಳು. ಇಪ್ಪತ್ತನಾಲ್ಕು ವರ್ಷ, ಸ್ಕೂಲಿನಲ್ಲಿ ಡ್ರಿಲ್ ಟೀಚರು. ಗಣಿ ಕೆಲಸ ಮಾಡಿದ್ದ ಮುನಿವೆಂಕಟಪ್ಪನ ಒಬ್ಬಳೇ ಮಗಳು. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು.

"ಏನಮ್ಮಣ್ಣಿ?"

"ಕೋಲು ಎತ್ತೋಕಾಗ್ತಿಲ್ಲ ತಾತ."

"ಕೈ ನೋವಾ?"

"ಕೈಗೇನೂ ಆಗಿಲ್ಲ. ಚೆಂಡಿನ ಮುಂದೆ ನಿಂತ್ರೆ ಗರ ಬಡಿದವಳ ಹಾಗೆ ನಿಂತುಬಿಡ್ತೀನಿ."

ಹೋದ ತಿಂಗಳು ಪಕ್ಕದೂರಿನ ಪಂದ್ಯದಲ್ಲಿ ಹಾಗೇ ನಿಂತಿದ್ದಳು. ಎಷ್ಟು ಹೊತ್ತು ಅಂದರೆ, ತೀರ್ಪುಗಾರರು ಹತ್ತಿರ ಬಂದು "ಹುಷಾರಿಲ್ವೇನಮ್ಮ?" ಅಂತ ಕೇಳಿದ್ದರು. ನೋಡುವವರು ನಿಂತಿದ್ದ ಹಗ್ಗದಾಚೆ ಯಾರೋ ಕಿಸಕ್ಕೆಂದರು. ಆಡಿಕೊಳ್ಳೋರ ಮುಂದೆ ಎಡವಿ ಬಿದ್ದ ಹಾಗಾಯಿತು. ಚೆಂಡು ಎತ್ತಿಕೊಂಡು ಬಸ್ಸು ಹತ್ತಿದವಳು ಊರು ಬರುವವರೆಗೂ ಅತ್ತಿದ್ದಳು.

"ಬರೋ ಭಾನುವಾರ ಜಿಲ್ಲಾ ತಂಡಕ್ಕೆ ಆಯ್ಕೆ ತಾತ. ಇಲ್ಲೇ, ನಮ್ಮ ಮೈದಾನದಲ್ಲೇ. ಅವತ್ತೂ ಹಿಂಗೇ ಆದ್ರೆ ಕೋಲು ಅಟ್ಟಕ್ಕೆ ಹಾಕಿಬಿಡ್ತೀನಿ."

"ನಿಂತಾಗ ತಲೇಲಿ ಏನು ಓಡುತ್ತೆ? ಹೇಳು."

ಅವಳು ಹೇಳತೊಡಗಿದಳು. ತಲೆ ಅಲ್ಲಾಡಬಾರದು. ಎಡಗೈ ನೆಟ್ಟಗಿರಬೇಕು. ಭುಜ ಸಡಿಲ. ಹೆಬ್ಬೆರಳು ಕೆಳಗೆ. ಸೊಂಟ ಮೊದಲು ತಿರುಗಬೇಕು. ಮೊಣಕಾಲು ಕುಸಿಯಬಾರದು. ಮೊಬೈಲಿನ ವಿಡಿಯೋದಲ್ಲಿ ಒಬ್ಬರು ಮಣಿಕಟ್ಟು ಮಡಚು ಅಂತಾರೆ, ಇನ್ನೊಬ್ಬರು ಮಡಚಲೇಬೇಡ ಅಂತಾರೆ.

"ಅಬ್ಬಬ್ಬಾ! ತಲೆಯೊಳಗೆ ಸಂತೆ ಸೇರಿದೆಯಲ್ಲೇ."

"ಎಲ್ಲರನ್ನೂ ಓಡಿಸಿಬಿಡಿ ತಾತ."

"ಎಲ್ಲರನ್ನೂ?"

ಸುಗುಣ ಒಣಹುಲ್ಲಿನ ಒಂದು ಎಳೆ ಕಿತ್ತಳು.

"ಒಬ್ಬರನ್ನ ಬಿಟ್ಟು."

ಯಾರನ್ನು ಅಂತ ತಾತ ಕೇಳಲಿಲ್ಲ. ಹಲಗೆಯ ಹಿಡಿಯನ್ನು ಅವಳ ಕೈಗೆ ಕೊಟ್ಟ.

"ನಾಳೆ ಸ್ಕೂಲು ಬಿಟ್ಟ ಮೇಲೆ ಬಾ. ಮರಳು ಸವರು."

"ಆಟ?"

"ಮರಳು ಸವರು ಅಂದೆ."

ಮಂಗಳವಾರ ಸವರಿದಳು. ಬುಧವಾರ ಸವರಿದಳು. ಮೈದಾನದಲ್ಲಿ ನರಪಿಳ್ಳೆ ಇರಲಿಲ್ಲ. ಆಚೆಗೆ ಗಣಿಯ ಬೂದಿ ಬಣ್ಣದ ಗುಡ್ಡ, ಈಚೆಗೆ ಒಣಹುಲ್ಲು. ಒಂಬತ್ತು ಕುಳಿ, ಒಂಬತ್ತು ಮರಳಿನ ಚಕ್ರ. ಒಂದನ್ನು ಸವರಿ ಮುಗಿಸಿ ತಿರುಗಿದರೆ ಅವಳದೇ ಹೆಜ್ಜೆ ಬಿದ್ದಿರುತ್ತಿತ್ತು, ಮತ್ತೆ ಸವರಬೇಕು.

ಮನೆಗೆ ಹೋದರೆ ಅಲ್ಲೂ ಯಾರಿಲ್ಲ. ಅಮ್ಮನ ಮುಖ ನೆನಪಿಲ್ಲ, ಅಷ್ಟು ಚಿಕ್ಕವಳಿದ್ದಾಗಲೇ ಹೋದಳು. ಅಪ್ಪನಿಗೆ ಗಣಿಯ ಧೂಳು ಪುಪ್ಪುಸಕ್ಕೆ ಇಳಿದು ಹಗಲಿರುಳೂ ಕೆಮ್ಮು. ಆ ಕೆಮ್ಮು ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಈಗ ಅದು ಕೇಳಿಸದೆ ನಿದ್ದೆ ಹತ್ತುತ್ತಿರಲಿಲ್ಲ. ಎಂಥಾ ಬಾಳು ನೋಡಿ.

ಗುರುವಾರ ತಾತ ಹೇಳಿದ, "ಇವತ್ತು ಒಂದು ಚೆಂಡು ಹೊಡಿ. ಕೊನೇ ಕುಳಿಯ ಹತ್ತಿರ."

ಅವಳು ಮರಳಿನ ಮೇಲೆ ಚೆಂಡಿಟ್ಟು ನಿಂತಳು. ನಿಂತೇ ಇದ್ದಳು. ಮೂರು ಮಾರು ದೂರದ ಕುಳಿ ಮೂರು ಮೈಲಿಯಾಚೆ ಇದ್ದ ಹಾಗಿತ್ತು. ಕೊನೆಗೆ ಕೋಲು ಕೆಳಗಿಟ್ಟು ಪಕ್ಕಕ್ಕೆ ಸರಿದಳು.

ತಾತ ಬಗ್ಗಿ ಅವಳು ನಿಂತಿದ್ದ ಜಾಗ ನೋಡಿದ. ಹಿಮ್ಮಡಿ ಊರಿದ ಕಡೆ ಎರಡು ಗುಂಡಿ ಬಿದ್ದಿದ್ದವು.

"ಯಾರದಿದು ಹೆಜ್ಜೆ?"

"ನಂದೇ."

"ಆಟ ಆಡೋರದಲ್ಲ ಇದು. ಬಸ್ಸಿಗೆ ಕಾಯೋರದು. ಯಾವ ಬಸ್ಸಮ್ಮ?"

ಅವಳು ಕುಳಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅಷ್ಟು ದಿನ ಯಾರಿಗೂ ಹೇಳದಿದ್ದನ್ನು ಹೇಳಿದಳು.

ಹತ್ತು ವರ್ಷದವಳಿದ್ದಾಗಿಂದ ಅಪ್ಪನೇ ಹೇಳಿಕೊಟ್ಟದ್ದು. ಅಪ್ಪನೂ ಹುಡುಗನಾಗಿದ್ದಾಗ ಇಲ್ಲೇ ಚೀಲ ಹೊತ್ತು ಆಟ ಕಲಿತವನು. ಅವಳು ಹೊಡೆಯುವಾಗ ಹಿಂದೆ ನಿಂತಿರುತ್ತಿದ್ದ. "ತಲೆ ಅಲ್ಲಾಡಿಸಬೇಡ. ಎಡಗೈ ನೆಟ್ಟಗೆ. ಅವಸರ ಬೇಡ." ಆಮೇಲೆ ಒಂದು ಹ್ಞೂಂ. ಆ ಹ್ಞೂಂ ಬಂದರೆ ಕೋಲು ತಾನಾಗಿ ಮೇಲೇಳುತ್ತಿತ್ತು. ಪಂದ್ಯದ ದಿನ ಅಪ್ಪ ಹಗ್ಗದಾಚೆ ನಿಂತಿದ್ದರೂ ಅವಳಿಗೆ ಕೇಳಿಸುತ್ತಿತ್ತು.

"ಈಗಲೂ ತಲೆ ಅಲ್ಲಾಡಿಸಬೇಡ ಅನ್ನೋದು ಕೇಳಿಸುತ್ತೆ ತಾತ. ಅವಸರ ಬೇಡ ಅನ್ನೋದೂ ಕೇಳಿಸುತ್ತೆ. ಹ್ಞೂಂ ಮಾತ್ರ ಬರಲ್ಲ. ಕಾಯ್ತೀನಿ, ಕಾಯ್ತೀನಿ, ಬರಲ್ಲ."

ತಾತ ಗಡ್ಡ ಕೆರೆದುಕೊಂಡ.

"ಅಷ್ಟೇನಾ? ನಿಂತ್ಕೋ. ನಾನು ಅಂತೀನಿ."

ಅವಳು ನಿಂತಳು. ತಾತ ಹಿಂದೆ ಬಂದು ಗಂಟಲು ಸರಿಮಾಡಿಕೊಂಡು "ಹ್ಞೂಂ" ಅಂದ. ಅವಳು ಬೆಚ್ಚಿ ಹೊಡೆದಳು. ಚೆಂಡು ಕುಳಿಯನ್ನು ದಾಟಿ, ಮರಳನ್ನೂ ದಾಟಿ ಲಂಟಾನದ ಪೊದೆಗೆ ಹೋಯಿತು.

"ಅಪ್ಪನ ತರ ಅನ್ನಲಿಲ್ಲ ನೀವು."

"ಸ್ವಲ್ಪ ಕೆಮ್ಮಿ ಅನ್ನಲಾ?"

ಸುಗುಣಳಿಗೆ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ನಗು. ನಗುತ್ತಾ ನಗುತ್ತಾ ಅದು ಅಳುವಾಯಿತು. ತಾತ ತಡೆಯಲಿಲ್ಲ, ಪೊದೆಯಲ್ಲಿ ಚೆಂಡು ಹುಡುಕಲು ಹೋದ. ಬೇಕೆಂದೇ ನಿಧಾನವಾಗಿ ಹುಡುಕಿದ.

ಅವನು ಬಂದಾಗ ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಎಲ್ಲಾ ಮರೆತುಬಿಡು ಅಂತೀರಾ ತಾತ? ನಮ್ಮ ಹೆಡ್ಮಾಸ್ಟರು ಹಾಗೇ ಅಂತಾರೆ. ತಲೆ ಖಾಲಿ ಮಾಡ್ಕೋ, ಆಟ ತಾನಾಗಿ ಬರುತ್ತೆ ಅಂತ."

"ಮಾಡಿ ನೋಡಿದ್ಯಾ?"

"ಭಯ ಆಗುತ್ತೆ. ಮನೇಲಿ ಅಪ್ಪ ಇಲ್ಲ. ಕನಸಲ್ಲೂ ಬರಲ್ಲ. ಇಲ್ಲಿ, ಚೆಂಡಿನ ಮುಂದೆ ನಿಂತಾಗ ಮಾತ್ರ ಅವರ ಮಾತು ಕೇಳಿಸೋದು. ಅದನ್ನೂ ಓಡಿಸಿಬಿಟ್ಟರೆ ನನಗೆ ಯಾರಿದ್ದಾರೆ?"

ತಾತ ಚೆಂಡಿಗೆ ಅಂಟಿದ್ದ ಮುಳ್ಳು ಕಿತ್ತು, ಪಂಚೆಯಲ್ಲಿ ಒರೆಸಿ, ಅವಳ ಕೈಗಿಟ್ಟ.

ಶುಕ್ರವಾರ ಅವನು ಸಿಗಲೇ ಇಲ್ಲ. ಸುಗುಣಳಿಗೆ ಕೋಪ ಬಂತು. ಮುಳುಗುವವಳ ಕೈಗೆ ಹಲಗೆ ಕೊಟ್ಟು ಎಲ್ಲಿಗೆ ಹೋದನೋ ಈ ಮುದುಕ ಅಂತ ಬೈದುಕೊಂಡೇ ಒಂಬತ್ತು ಚಕ್ರವನ್ನೂ ಸವರಿ ಮನೆಗೆ ಹೋದಳು.

ಶನಿವಾರ ಸಂಜೆ ಬಂದಾಗ ತಾತ ಕೊನೇ ಕುಳಿಯ ಹತ್ತಿರ ನಿಂತಿದ್ದ. ಕೈಯಲ್ಲಿ ತುಕ್ಕು ಹಿಡಿದ ಒಂದು ಹಳೇ ಕೋಲು.

"ನಾಳೆ ನಿನ್ನ ಚೀಲ ನಾನು ಹೊರ್ತೀನಿ. ಇವತ್ತು ನನ್ನ ಹಿಂದೆ ನೀನು ನಿಂತ್ಕೋ."

"ನಾನು ಏನು ಮಾಡ್ಲಿ?"

"ನಾನು ಹೊಡೀಬೇಕಾದ್ರೆ ಹ್ಞೂಂ ಅನ್ನು. ನಿಮ್ಮಪ್ಪನ ಹಾಗೆ."

ಅವಳು ಹಿಂದೆ ನಿಂತಳು. ಮುದುಕನ ಕಾಲು ನಡುಗುತ್ತಿತ್ತು. ಅರವತ್ತು ವರ್ಷ ಈ ಮೈದಾನದಲ್ಲೇ ಕಳೆದವನು, ತನ್ನದು ಅಂತ ಒಂದು ಚೆಂಡು ಹೊಡೆದದ್ದನ್ನು ಅವಳು ನೋಡಿರಲಿಲ್ಲ. ಕೋಲು ಸರಿಯಾಗಿ ತಗಲುತ್ತದೋ ಇಲ್ಲವೋ, ಬಿದ್ದುಗಿದ್ದಾನೋ. ಇನ್ನೇನು ಎತ್ತುತ್ತಾನೆ, ಇನ್ನೇನು ಎತ್ತುತ್ತಾನೆ ಅಂತ ಅವಳು ಕತ್ತು ಚಾಚಿ ನಿಂತಳು. ಹೇಳಬೇಕಾದ ಮಾತು ಗಂಟಲಲ್ಲೇ ಇತ್ತು.

ತಾತ ಅಲ್ಲಾಡಲಿಲ್ಲ. ಅವಳೂ ಅನ್ನಲಿಲ್ಲ.

ಕೊನೆಗೆ ಕೋಲು ಸರಕ್ಕನೆ ಹಿಂದಕ್ಕೆ ಸರಿಯಿತು. "ಹ್ಞೂಂ" ಅಂದಳು ಸುಗುಣ. ಚೆಂಡು ತೆವಳಿಕೊಂಡು ಹೋಗಿ ಕುಳಿಯ ಪಕ್ಕ ನಿಂತಿತು.

"ಮೊದಲು ಯಾವುದು?" ಅಂದ ತಾತ.

"ಏನು ಮೊದಲು?"

"ನಿನ್ನ ಹ್ಞೂಂ ಮೊದಲಾ, ನನ್ನ ಕೋಲು ಮೊದಲಾ?"

ಅವಳು ಯೋಚಿಸಿದಳು.

"ಕೋಲು. ಅದು ಎದ್ದ ಮೇಲೇ ನಾನು ಬಾಯಿ ಬಿಟ್ಟಿದ್ದು. ತಪ್ಪಾಯ್ತು ತಾತ, ಇನ್ನೊಂದ್ಸಲ ನಿಂತ್ಕೊಳ್ಳಿ, ಮೊದಲೇ ಅಂತೀನಿ."

"ತಪ್ಪು ಅಂದೋರ್ಯಾರು?" ಅಂದವನೇ ಕೋಲನ್ನು ಹೆಗಲಿಗೇರಿಸಿ ಮನೆಯ ದಾರಿ ಹಿಡಿದ.

ಭಾನುವಾರ ಬಂತು. ಇದ್ದದ್ದು ಒಂದು ಜಾಗ, ಬಂದವರು ಆರು ಜನ. ಹಗ್ಗದಾಚೆ ಮೂವತ್ತು ನಲವತ್ತು ಮಂದಿ. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ಯಾರೋ ಕಡಲೆಕಾಯಿ ತಿನ್ನುತ್ತಾ ನಿಂತಿದ್ದರು. ಸುಗುಣ ಆ ಕಡೆ ನೋಡುವುದನ್ನೇ ಬಿಟ್ಟಳು.

ಪ್ರತಿ ಹೊಡೆತಕ್ಕೂ ಅವಳು ನಿಂತಳು, ತಡವಾಯಿತು, ಬೆವರಿದಳು. ಆದರೂ ಹೇಗೋ ಕೋಲು ಎದ್ದಿತು. ಕಣ್ಣು ಮುಚ್ಚಿ ಬಾವಿಗೆ ಹಾರುವವಳ ಹಾಗೆ ಹೊಡೆದಳು. ಚೆಂಡು ಅಲ್ಲಿ ಇಲ್ಲಿ ಬಿತ್ತು. ಉಳಿದವರ ಆಟವೂ ಅಷ್ಟಕ್ಕಷ್ಟೇ. ಕೊನೇ ಕುಳಿಗೆ ಬರುವಷ್ಟರಲ್ಲಿ ಹೊಡೆತದ ಲೆಕ್ಕದಲ್ಲಿ ಅವಳೂ ಇನ್ನೊಬ್ಬಳೂ ಸಮ. ಇನ್ನೊಬ್ಬಳ ಆಟ ಮುಗಿದಿತ್ತು. ಸುಗುಣಳ ಚೆಂಡು ಕುಳಿಯಿಂದ ಮೂರು ಮಾರು ದೂರ, ಮರಳಿನ ಮೇಲೆ.

ಇದು ಬಿದ್ದರೆ ಅವಳಿಗಿಂತ ಒಂದು ಹೊಡೆತ ಕಡಿಮೆ, ಜಾಗ ಸುಗುಣಳದು.

ಅವಳು ನಿಂತಳು. ತಲೆ ಅಲ್ಲಾಡಿಸಬೇಡ. ಎಡಗೈ ನೆಟ್ಟಗೆ. ಅವಸರ ಬೇಡ.

ಮುಂದಿನದು ಬರಲಿಲ್ಲ.

ಹಗ್ಗದಾಚೆ ಗುಸುಗುಸು ಶುರುವಾಯಿತು. ತೀರ್ಪುಗಾರರು ಗಡಿಯಾರ ನೋಡಿಕೊಂಡರು. ಇನ್ನು ಸಾಕು, ಚೆಂಡು ಎತ್ತಿಕೊಂಡು ಹೊರಟುಬಿಡೋಣ ಅಂತ ಅವಳು ಪಕ್ಕಕ್ಕೆ ಸರಿದಳು.

"ಒಂದ್ನಿಮಿಷ ಸ್ವಾಮಿ, ದಾರಿ ಸವರಿಲ್ಲ," ಅಂದ ತಾತ.

ಪದ್ಧತಿ ಪದ್ಧತಿಯೇ. ತೀರ್ಪುಗಾರರು ತಲೆಯಾಡಿಸಿದರು.

ತಾತ ಹಲಗೆ ತಂದು ಅವಳ ಕಾಲ ಬಳಿಯಿಂದ ಶುರು ಮಾಡಿದ. ಬಗ್ಗಿದ ಬೆನ್ನು, ಸಣ್ಣ ಸಣ್ಣ ಹೆಜ್ಜೆ. ಅವಳಿಗೆ ಮಾತ್ರ ಕೇಳಿಸುವ ಹಾಗೆ ಮಾತಾಡಿದ.

"ಬಂತಾ ಹ್ಞೂಂ?"

"ಇಲ್ಲ ತಾತ. ಬರಲ್ಲ. ನಾನು ಹೊರಟೆ."

"ಹೋಗುವೆಯಂತೆ. ಈ ಜಾಗದಲ್ಲಿ ನಿಮ್ಮಪ್ಪನ ಹೆಜ್ಜೆ ಎಷ್ಟು ವರ್ಷ ಅಳಿಸಿದ್ದೀನಿ ಗೊತ್ತಾ? ನೀನು ಇಲ್ಲಿ ನಿಲ್ತಿದ್ದೆ. ಅವನು ಅಲ್ಲಿ, ನಿನ್ನ ಹಿಂದೆ. ನೀನು ಕೋಲು ಹಿಡಿದ ದಿನದಿಂದ ಅವನು ಹಾಸಿಗೆ ಹಿಡಿಯೋವರೆಗೂ."

ಸುಗುಣ ಸವರಿದ ದಾರಿಯ ಪಕ್ಕದಲ್ಲೇ ಅವನ ಜೊತೆ ಹೆಜ್ಜೆಯಿಟ್ಟಳು.

"ಒಂದು ದಿನಾನೂ ಹಿಮ್ಮಡಿ ಗುರುತು ಇರ್ತಿರಲಿಲ್ಲ. ಬರೀ ಬೆರಳು. ಮರಳಲ್ಲಿ ಹೂತುಹೋಗಿರ್ತಿದ್ದವು."

"ಯಾಕೆ?"

"ತುದಿಗಾಲಲ್ಲಿ ನಿಂತೋನ ಹೆಜ್ಜೆ ಹಾಗೇ ಇರುತ್ತೆ."

ಹಲಗೆ ಕುಳಿಯ ಹತ್ತಿರ ಬಂದಿತ್ತು. ಹಿಂದೆ ಮರಳು ಬಟ್ಟೆ ಇಸ್ತ್ರಿ ಮಾಡಿದ ಹಾಗೆ ನುಣ್ಣಗಿತ್ತು.

"ಆದ್ರೆ ತಾತ, ಅಪ್ಪ ಹ್ಞೂಂ ಅಂದ ಮೇಲೇ ಅಲ್ವಾ ನಾನು ಹೊಡೀತಿದ್ದಿದ್ದು?"

"ನೆನ್ನೆ ನನ್ನ ಹಿಂದೆ ನಿಂತಿದ್ದೆಯಲ್ಲ. ನೀನು ಯಾವಾಗ ಅಂದೆ?"

ಕೋಲು ಎದ್ದ ಮೇಲೆ. ಅವಳ ಕಾಲ ಕೆಳಗಿನ ಮರಳು ಒಂದು ಸಲ ಜಾರಿದ ಹಾಗಾಯಿತು. ಹದಿಮೂರು ವರ್ಷ ಅವಳು ಹಿಂತಿರುಗಿ ನೋಡಿದವಳಲ್ಲ. ತಲೆ ಅಲ್ಲಾಡಿಸಬೇಡ ಅಂತ ಅಪ್ಪನೇ ಹೇಳಿದ್ದನಲ್ಲ. ಹಾಗಾದರೆ ಅಷ್ಟೂ ವರ್ಷ ಕೋಲು ಎತ್ತುತ್ತಿದ್ದವಳು ತಾನೇ. ತಾನೊಬ್ಬಳೇ.

"ಮತ್ತೆ ಅಪ್ಪ ಏನು ಮಾಡ್ತಿದ್ರು ಹಿಂದೆ?"

"ಮೊದಲೇ ಅವನಿಗೆ ಉಸಿರು ಕಮ್ಮಿ. ಇದ್ದ ಅಷ್ಟನ್ನೂ ಬಿಗಿ ಹಿಡಿದು ನಿಲ್ತಿದ್ದ. ನಿನ್ನ ಕೋಲು ಅಲ್ಲಾಡಿದ್ದು ಕಂಡ ಮೇಲೇ ಹ್ಞೂಂ ಅಂತ ಬಿಡ್ತಿದ್ದ. ನಾನು ಪಕ್ಕದಲ್ಲೇ ಹಲಗೆ ಹಿಡಿದು ನೋಡ್ತಿರ್ತಿದ್ದೆನಲ್ಲ."

ತೀರ್ಪುಗಾರರು ಕೆಮ್ಮಿದರು. ಸುಗುಣ ಚೆಂಡಿನ ಬಳಿ ಹೋಗಿ ನಿಂತಳು. ಕಣ್ಣು ಮಂಜಾಗಿತ್ತು, ತೋಳಿನಿಂದ ಒರೆಸಿಕೊಂಡಳು. ಮುಂದೆ ನುಣ್ಣನೆಯ ಒಂದು ದಾರಿ, ಅದರ ಕೊನೆಯಲ್ಲಿ ಕುಳಿ.

ತಾತ ಹಲಗೆ ಎತ್ತಿಕೊಂಡು ಮರಳಿನಿಂದಾಚೆ ಹೆಜ್ಜೆಯಿಟ್ಟ. ಹೋಗುವಾಗ, ಅವಳ ಕಡೆ ನೋಡದೆ ಹೇಳಿದ:

"ಹೊಡಿ ಮಗಾ. ಎಂಟು ತಿಂಗಳಿಂದ ಉಸಿರು ಹಿಡ್ಕೊಂಡು ನಿಂತಿದ್ದಾನೆ."