ಜೊತೆಗೆ ಬಂದವರು

ಸೋಮವಾರ ಕಣ್ಣಿನ ಶಿಬಿರದಲ್ಲಿ ಫಾರಂನ ಒಂದು ಗೆರೆ ಖಾಲಿ ಉಳಿದು, ಕೆಲಸವೆಲ್ಲ ನಿಂತುಹೋಯಿತು. ‘ಜೊತೆಗೆ ಬಂದವರ ಸಹಿ’ ಎಂಬ ಗೆರೆ ಅದು.

“ನಿಮ್ಮವರು ಸಹಿ ಹಾಕದೆ ಪೊರೆ ತೆಗೆಯೋ ಹಾಗಿಲ್ಲ ಅಜ್ಜಿ. ಯಾರನ್ನಾದರೂ ಕರ್ಕೊಂಡು ಬನ್ನಿ,” ಎಂದರು ಮೇಲ್ವಿಚಾರಕರು.

ಹೂ ಕಟ್ಟುವ ತಿಪ್ಪಮ್ಮನಿಗೆ ಯಾರೂ ಇರಲಿಲ್ಲ. ಹೊರಗೆ ಬಂದಳು. ತಾನೂ ಪೊರೆ ತೆಗೆಸಲು ಹೋಗಿ ಅದೇ ಮಾತು ಕೇಳಿಸಿಕೊಂಡು ಬಂದಿದ್ದ ನೂರ್ಜಾನ್‌ಬಿ ಮೆಟ್ಟಿಲ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಬಂದರು.

“ಇವತ್ತು ನನ್ನ ಜೊತೆಗೆ ಇವಳು. ನಾಳೆ ಇವಳ ಜೊತೆಗೆ ನಾನು,” ಎಂದಳು ತಿಪ್ಪಮ್ಮ.

“ಏನು ಸಂಬಂಧ?”

“ಇಬ್ಬರಿಗೂ ಯಾರೂ ಇಲ್ಲ ಸ್ವಾಮಿ.”

“ಈಕೆಗೂ ಕಣ್ಣು ಕಾಣಲ್ವಲ್ಲಮ್ಮ!”

ಮೇಲ್ವಿಚಾರಕರು ನಿಯಮದ ಹಾಳೆಯನ್ನು ಎರಡು ಸಲ ಓದಿದರು. ಜೊತೆಗೆ ಬಂದವರಿಗೆ ಕಣ್ಣು ಕಾಣಬೇಕೆಂದು ಎಲ್ಲೂ ಬರೆದಿರಲಿಲ್ಲ.

ಸೋಮವಾರ ತಿಪ್ಪಮ್ಮನ, ಮಂಗಳವಾರ ನೂರ್ಜಾನ್‌ಬಿಯ ಪೊರೆ ತೆಗೆದರು.